ಪೊಟರೆಯೊಳಗಿನ ಎರಡನೆಯದು

ಯಶವಂತನಗರದ ಹೊಳೆಮ್ಮನ ಬದುಕೆಲ್ಲ ಕೆಂಪು ತೊಳೆಯುವುದರಲ್ಲೇ ಕಳೆದಿದೆ. ಹರೆಯದಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದಳು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಗಣಿ ಕಂಪನಿಯ ಬಸ್ಸು ತೊಳೆಯುವ ಕೆಲಸ ಸಿಕ್ಕಿತು. ಪಾಳಿಯ ಜನರನ್ನು ಇಳಿಸಿ ಬಂದು ನಿಂತ ಬಸ್ಸಿಗೆ ಬಕೆಟ್ಟು, ಕಸಬರಿಗೆ, ಹಳೇ ಗೋಣಿಯ ತುಂಡು ಹಿಡಿದು ಹತ್ತುತ್ತಾಳೆ. ಸೀಟು, ಸರಳು, ಕಿಟಕಿ, ಮೆಟ್ಟಿಲು, ಎಲ್ಲದರ ಮೇಲೂ ಗಣಿಯ ಧೂಳು ಕೂತಿರುತ್ತದೆ. ಬಕೆಟ್ಟಿನ ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಇಟ್ಟಿಗೆ ಕದಡಿದಂತಾಗುತ್ತದೆ. ಸಂಡೂರಿನ ಈ ಮಗ್ಗುಲಲ್ಲಿ ಎಮ್ಮೆಯೂ ಕೆಂಪು, ಬೇವಿನ ಎಲೆಯೂ ಕೆಂಪು, ಒಣಹಾಕಿದ ಹಪ್ಪಳವೂ ಕೆಂಪು. ಯಾವುದರ ನಿಜವಾದ ಬಣ್ಣ ಏನೆಂದು ತಿಳಿಯಬೇಕಾದರೆ ಮೊದಲು ಅದರ ಮೇಲೆ ನೀರು ಸುರಿಯಬೇಕು. ಹೊಳೆಮ್ಮ ಕಲಿತ ವಿದ್ಯೆ ಇದು. ಇದನ್ನು ನಂಬಿಯೇ ಅವಳು ಒಮ್ಮೆ ಎಡವಿದಳು.

ಗಂಡ ಗಾದಿಲಿಂಗಪ್ಪ, ಅದಿರು ತುಂಬಿದ ಲಾರಿಗಳಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವವನು. ಮಡಿಸಿದ ತಾಡಪತ್ರಿಯನ್ನು ಎರಡು ಹೆಗಲಿಗೂ ಅಡ್ಡಲಾಗಿ ಹೊತ್ತು ಲಾರಿಯಿಂದ ಲಾರಿಗೆ ಹೋಗುತ್ತಿದ್ದ. ಹೊಳೆಮ್ಮ ಎಷ್ಟು ಉಜ್ಜಿದರೂ ಅವನ ಅಂಗಿಯ ಹೆಗಲುಗಳು ಮಾತ್ರ ಬಿಳುಪಾಗಲಿಲ್ಲ. ಕೊರಳಲ್ಲಿ ತಾಯಿತದ ಕರಿದಾರವಿತ್ತು. ಗಂಟಲಲ್ಲಿ ಸದಾ ಧೂಳು. ಮಾತಾಡುವ ಮೊದಲು ಯಾರನ್ನೋ ಗದರಿಸಿದ ಹಾಗೆ ಒಮ್ಮೆ ಕೆಮ್ಮುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಹೊಳೆಮ್ಮ ಬಕೆಟ್ಟು ಹಿಡಿದು ಬಸ್ಸು ಹತ್ತಿದಾಗ ಅವನು ಹಿಂದಿನ ಕಿಟಕಿಯ ಪಕ್ಕ ಕೂತಿದ್ದ.

"ಇನ್ನಾ ಇಳಿದಿಲ್ಲೇನು? ಕಾಲ್ ತಗೀ, ಒರಸಬೇಕು," ಎಂದಳು.

ಅವನು ಕಾಲು ತೆಗೆಯಲಿಲ್ಲ. ಒದ್ದೆ ಗೋಣಿಯಿಂದ ಮೊಣಕಾಲಿಗೆ ತಟ್ಟಿದಳು. ತಲೆ ಗಾಜಿಗೆ ಒರಗಿತ್ತು, ಕಣ್ಣು ಅರೆ ತೆರೆದಿತ್ತು. ಹೊಳೆಮ್ಮ ಬಕೆಟ್ಟನ್ನು ಕೆಳಗಿಟ್ಟು ಅವನ ಪಕ್ಕದ ಸೀಟಿನಲ್ಲಿ ಕುಳಿತಳು. ಡ್ರೈವರ್ ಬಂದು ನೋಡಿ ಬೆವತುಹೋದ. "ಹಿಂದಿನ ಟ್ರಿಪ್ಪಿನಾಗೂ ಇಳೀಲಿಲ್ಲಮ್ಮ. ನಿದ್ದಿ ಹತ್ತೈತಿ ಅಂತ ಬಿಟ್ವಿ," ಎಂದ. ಎದೆ ನಿಂತು ಬಹಳ ಹೊತ್ತಾಗಿದೆ ಎಂದು ಡಾಕ್ಟರು ಹೇಳಿದರು. ಅಂದರೆ ಗಾದಿಲಿಂಗಪ್ಪ ಸತ್ತ ಮೇಲೆ ಒಮ್ಮೆ ಸಂಡೂರಿಗೆ ಹೋಗಿ, ಅದೇ ಕಿಟಕಿಯ ಪಕ್ಕ ಕೂತು, ಮರಳಿ ಬಂದಿದ್ದ.

ಅವನ ಅಕ್ಕ ದ್ಯಾಮಕ್ಕ ಅಳುತ್ತಳುತ್ತಲೇ ಒಂದು ಮಾತು ಅಂದಳು: "ಸತ್ತಾಂವ ಒಂದು ಸುತ್ತ ಹೋಗಿ ಬಂದಾನ. ಹಾದಿ ಕಲ್ತಾನ."

ಆ ಮಾತು ಮನೆಯಲ್ಲಿ ಉಳಿದುಬಿಟ್ಟಿತು.

ಗುಡ್ಡದ ಬುಡದಲ್ಲಿ, ಕಾಡು ಶುರುವಾಗುವ ಕಡೆ, ಅವರ ಸ್ಮಶಾನ. ಅದರ ಅಂಚಿಗೆ ಒಂದು ಹಳೆಯ ಬೂರುಗದ ಮರ. ಅರ್ಧ ಮರ ಒಣಗಿ ನಿಂತಿದೆ; ಆ ಒಣಗಿದ ಬೊಡ್ಡೆಯ ಮೇಲ್ಭಾಗದಲ್ಲಿ ಬಾಯಿ ತೆರೆದಂತೆ ಒಂದು ಪೊಟರೆ. ಗಾದಿಲಿಂಗಪ್ಪನನ್ನು ಹೂಳಿದ್ದು ಆ ಮರದ ನೆರಳಿನಲ್ಲಿ. ಮೂರನೆಯ ದಿನ ಗೋರಿಗೆ ಹಾಲು ತುಪ್ಪ ಬಿಟ್ಟು, ಅವನು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯ ಮೇಲೆ ಬಡಿಸಿ, ಮನೆಯವರು ದೂರ ಸರಿದು ನಿಂತರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಪೇರಲಹಣ್ಣು, ಹಸಿಮೆಣಸಿನಕಾಯಿ. ಕಾಗೆ ಬಂದು ಮುಟ್ಟಿದರೆ ಸತ್ತವನಿಗೆ ತೃಪ್ತಿಯಾಯಿತು ಎಂದು ಲೆಕ್ಕ. ಕಾಗೆಗಳು ಬೇಲಿಯ ಮೇಲೆ ಕೂತಿದ್ದವು. ಒಂದೂ ಇಳಿಯಲಿಲ್ಲ.

ಇಳಿದದ್ದು ಒಂದು ಗಿಳಿ. ಬೂರುಗದ ಕೊಂಬೆಯಿಂದ ಸದ್ದಿಲ್ಲದೆ ಜಾರಿ ಬಂದು ಎಲೆಯ ಅಂಚಿಗೆ ಕೂತಿತು. ಊರಲ್ಲಿ ಕಾಣುವ ಗಿಳಿಗಿಂತ ಬಹಳ ದೊಡ್ಡದು. ಎರಡೂ ಹೆಗಲ ಮೇಲೆ ಒಣಗಿದ ನೆತ್ತರಿನ ಬಣ್ಣದ ಪಟ್ಟೆ, ಕೊರಳಿಗೆ ಕಪ್ಪು ದಾರ ಸುತ್ತಿದಂಥ ಗೆರೆ. ಹಣ್ಣು ಬಿಟ್ಟು ಮೆಣಸಿನಕಾಯಿಯನ್ನೇ ಎತ್ತಿಕೊಂಡಿತು. ಕಾಲಲ್ಲಿ ಹಿಡಿದು, ತಲೆ ವಾರೆ ಮಾಡಿ ಜನರನ್ನೇ ನೋಡುತ್ತ ನಿಧಾನವಾಗಿ ತಿಂದಿತು. ಆಮೇಲೆ ಗಂಟಲಲ್ಲಿ ಒಮ್ಮೆ ಗದರಿ, ಮೇಲಕ್ಕೆ ಹಾರಿ, ಪೊಟರೆಯ ಬಾಯಲ್ಲಿ ಕೂತಿತು.

"ಲಿಂಗಾ..." ಎನ್ನುತ್ತ ದ್ಯಾಮಕ್ಕ ಅಲ್ಲೇ ಕುಸಿದಳು.

ಅಂದಿನಿಂದ ಮಟಮಟ ಮಧ್ಯಾಹ್ನದಲ್ಲಿ ಆ ಗಿಳಿ ಸ್ಮಶಾನದ ಕಡೆಯಿಂದ ಬಂದು ಕಂಪನಿ ಮನೆಗಳ ಮೇಲೆ ಹಾದುಹೋಗತೊಡಗಿತು. ಅದು ಗದರಿದರೆ ಕೆಳಗೆ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. ದ್ಯಾಮಕ್ಕ ಹಗಲು ಬಾಗಿಲು ತೆಗೆಯುವುದನ್ನು ಬಿಟ್ಟಳು, ಊಟ ಬಿಟ್ಟಳು. ಕೊನೆಗೆ ಕಂಪ್ಲಿಯ ಕೊಟ್ರಯ್ಯನಿಗೆ ಹೇಳಿಕಳಿಸಿದಳು. ಕೊಟ್ರಯ್ಯ, ನೆಲೆಯಿಲ್ಲದೆ ಅಲೆಯುವ ಜೀವವನ್ನು ಮರಕ್ಕೆ ಮೊಳೆ ಹೊಡೆದು ಕಟ್ಟುವವನು. ಶಿವರಾತ್ರಿಯ ಅಮಾವಾಸ್ಯೆಯ ಮಧ್ಯಾಹ್ನ ಬರುತ್ತೇನೆ, ಬೊಡ್ಡೆಗೆ ಮೊಳೆ ಹೊಡೆದು ಪೊಟರೆಗೆ ಸಿಮೆಂಟು ಮೆತ್ತಿಸುತ್ತೇನೆ ಎಂದ. ಒಮ್ಮೆ ಕಟ್ಟಿದರೆ ಆ ಜೀವ ಮರ ಇರುವವರೆಗೂ ಅಲ್ಲೇ.

"ಬ್ಯಾಡ ಯಕ್ಕಾ," ಎಂದಳು ಹೊಳೆಮ್ಮ.

"ಯಾಕ ಬ್ಯಾಡ? ದಿನಾ ನಮ್ಮ ಮನಿ ಮ್ಯಾಲ ತಿರುಗಲಿ ಅಂತೀಯೇನು?"

"ಗಿಣಿ ಅದು. ಹೆಗಲಮ್ಯಾಗ ಧೂಳು ಕುಂತೈತಿ, ಅಷ್ಟ."

"ಮೂವತ್ತು ವರ್ಷ ಆ ಹೆಗಲು ಒಗದಾಕಿ ನೀನು. ನಿನಗ ಗುರುತು ಸಿಗವಲ್ದು?"

ಗುರುತು ಸಿಕ್ಕಿದ್ದರಿಂದಲೇ ಹೊಳೆಮ್ಮನಿಗೂ ನಿದ್ದೆ ಬರುತ್ತಿರಲಿಲ್ಲ. ಅದು ಅವನೇ ಆಗಿದ್ದರೆ ಅವನಿಗೆ ಮೊಳೆ ಹೊಡೆಯುತ್ತಾರೆ. ಜೀವಮಾನವಿಡೀ ಹಗ್ಗ ಬಿಗಿದವನನ್ನು ಸತ್ತ ಮೇಲೆ ಮರಕ್ಕೆ ಬಿಗಿಯುತ್ತಾರೆ. ಅದು ಬರೀ ಗಿಳಿ ಎಂದು ಎಲ್ಲರ ಕಣ್ಣಿಗೆ ಕಾಣಿಸಿದರೆ ಕೊಟ್ರಯ್ಯ ಬಂದ ದಾರಿಯಲ್ಲೇ ಹೋಗುತ್ತಾನೆ. ಕಾಣಿಸುವುದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಒಂದೇ.

ಮೈದುನ ಅಂಜಿನಿ ಗಣಿ ರಸ್ತೆಗೆ ನೀರು ಹೊಡೆಯುವ ಟ್ಯಾಂಕರಿನ ಡ್ರೈವರ್. ಅವನನ್ನು ಹಿಡಿದಳು.

"ಒಂದು ಟ್ಯಾಂಕರ್ ನೀರು ಬೂರುಗದ ಮರಕ್ಕ ಹೊಡೀಬೇಕಪ್ಪ."

"ಮರಕ್ಕ ಜಳಕ ಮಾಡಸ್ತೀಯೇನು ಅತ್ತಿಗಿ? ನನಗಽ ವಾರಕ್ಕೊಮ್ಮಿ ನೀರು ಸಿಗಂಗಿಲ್ಲ."

"ಗಿಣಿಗೆ. ಧೂಳು ಹೋಗಲಿ. ಎಲ್ಲಾರೂ ನೋಡಲಿ."

ಅಂಜಿನಿ ನಗುವುದನ್ನು ನಿಲ್ಲಿಸಿದ. ಅವನಿಗೂ ಭಯವಿತ್ತು, ಭಯವಿದ್ದುದರಿಂದಲೇ ಒಪ್ಪಿದ.

ಮಾಘದ ಬಿಸಿಲಿಗೆ ಬೂರುಗ ಎಲೆ ಉದುರಿಸಿ ಹಸಿ ಕೊಂಬೆಗಳ ತುಂಬ ಕೆಂಪು ಹೂ ಬಿಟ್ಟಿತ್ತು. ಹೂವಿನ ಜೇನಿಗೆ ಊರ ಗಿಳಿಗಳು ಹಿಂಡಾಗಿ ಬಂದು ಗಲಾಟೆ ಹಚ್ಚಿದ್ದವು. ಗಣಿ ಕಡೆಯಿಂದ ಬಂದವಾದ್ದರಿಂದ ಅವೂ ಧೂಳಡರಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ದೊಡ್ಡದು ಮಾತ್ರ ಪೊಟರೆಯ ಹತ್ತಿರ ಒಂಟಿಯಾಗಿ ಕೂತಿತ್ತು. ದ್ಯಾಮಕ್ಕ, ನೆರೆಮನೆಯವರು ಎಲ್ಲ ಬಂದು ನಿಂತರು. ಅಂಜಿನಿ ಪೈಪನ್ನು ಮೇಲಕ್ಕೆ ತಿರುಗಿಸಿದ. ನೀರು ಮಳೆಯ ಹಾಗೆ ಮರದ ಮೇಲೆ ಬಿತ್ತು.

ಊರ ಗಿಳಿಗಳು ಕಿರುಚಾಡಿ, ಆಮೇಲೆ ಖುಷಿಯಿಂದ ರೆಕ್ಕೆ ಬಿಡಿಸಿ ನೆನೆದವು. ಅವುಗಳ ಮೈಯಿಂದ ಕೆಂಪು ನೀರು ತೊಟ್ಟಿಕ್ಕಿತು. ನೋಡನೋಡುತ್ತಿದ್ದಂತೆ ಒಂದೊಂದೇ ಹಕ್ಕಿ ಹಸಿರಾಗುತ್ತ ಬಂತು. ಹೊಳೆಮ್ಮನ ಮುಖ ಅರಳಿತು. "ನೋಡ್ರಿ, ನೋಡ್ರಿ," ಎಂದಳು.

ದೊಡ್ಡ ಗಿಳಿಯೂ ರೆಕ್ಕೆ ಬಿಡಿಸಿತು. ಬೆನ್ನಿನಿಂದ ಕೆಂಪು ನೀರು ಇಳಿದು ಬೆನ್ನು ಹಸಿರಾಯಿತು. ಬಾಲ ಹಸಿರಾಯಿತು. ಹೆಗಲುಗಳು ಮಾತ್ರ, ನೀರು ಬಿದ್ದಷ್ಟೂ, ಇನ್ನಷ್ಟು ಕೆಂಪಾದವು.

ಟ್ಯಾಂಕರ್ ಖಾಲಿಯಾಯಿತು. ಗಿಳಿ ಮೈ ಕೊಡವಿಕೊಂಡು ಕೆಳಗಿನವರ ಕಡೆ ಬಗ್ಗಿ ಗದರಿತು. ನೆರೆಮನೆಯ ಹೆಂಗಸು ಮಗುವಿನ ಕಣ್ಣಿಗೆ ಸೆರಗು ಮುಚ್ಚಿ ಮನೆಯ ಕಡೆ ನಡೆದಳು.

"ಸಾಕಾತೇನು? ನೀನಽ ತೊಳದು ತೋರಸಿದಿ," ಎಂದಳು ದ್ಯಾಮಕ್ಕ.

ಹೊಳೆಮ್ಮ ಎರಡು ದಿನ ಮಂಕಾಗಿ ಕೂತು, ಆಮೇಲೆ ಹೊಸಪೇಟೆಯ ಬಸ್ಸು ಹತ್ತಿದಳು. ಮಗಳು ಸುಷ್ಮಿತಾ ಅಲ್ಲಿನ ಚಿತ್ತವಾಡ್ಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಮನೆಯೊಡತಿ ಶೈಲಜಾ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಸುಷ್ಮಿತಾಳೇ ತಾಯಿಯನ್ನು ಮಹಡಿಗೆ ಕರೆದುಕೊಂಡು ಹೋದಳು. ಗಿಳಿಯ ಸಂಗತಿಯೆಲ್ಲ ಕೇಳಿದ ಶೈಲಜಾ ಸಮಾಧಾನದ ಮಾತು ಆಡಲಿಲ್ಲ, ಪ್ರಶ್ನೆ ಕೇಳಿದಳು.

"ಗಾತ್ರ?"

"ಊರ ಗಿಣಿ ಇದರ ಮುಂದ ಮರಿ ಇದ್ದಂಗ್ರಿ."

"ಕೊಕ್ಕು?"

"ದಪ್ಪ, ಕೆಂಪು. ಕುಡುಗೋಲು ಇದ್ದಂಗ."

"ಕೂಗು?"

"ಕಿರುಚಂಗಿಲ್ರಿ ಮೇಡಂ. ಗದರತೈತಿ." ಹೊಳೆಮ್ಮ ಸೇರಿಸಿದಳು: "ಹೆಗಲಿನ ಕೆಂಪು ತೊಳದ್ರೂ ಹೋಗಲಿಲ್ರಿ."

"ಹೋಗೋದಕ್ಕೆ ಅದೇನು ಧೂಳೇ? ಪುಕ್ಕದ ಬಣ್ಣವೇ ಅದು." ಶೈಲಜಾ ಒಂದು ಪುಸ್ತಕ ತೆಗೆದು ಚಿತ್ರ ತೋರಿಸಿದಳು. ಅದೇ ಹಕ್ಕಿ. "ಕಾಡಿನ ದೊಡ್ಡ ಗಿಳಿ ಇದು. ಹೆಗಲ ಮೇಲೆ ಕೆಂಪು ಪಟ್ಟೆ ಇದ್ದರೆ ಇದು, ಇಲ್ಲದಿದ್ದರೆ ಊರ ಗಿಳಿ. ಅಷ್ಟು ಸಾಕು ಗುರುತಿಗೆ. ಕೊಕ್ಕು, ಕೂಗು ನೀನೇ ಸರಿಯಾಗಿ ನೋಡಿದ್ದೀಯ. ಹಳೇ ಮರ ಇಲ್ಲದೆ ಇದು ಗೂಡು ಮಾಡೋದಿಲ್ಲ. ಹಳೇ ಮರ ನಾವು ಉಳಿಸಿಲ್ಲ. ಉಳಿದ ಕಡೆ ಮರಿಗಳನ್ನ ಕದ್ದು ಪಂಜರಕ್ಕೆ ಹಾಕ್ತಾರೆ. ಅದಕ್ಕೇ ಅಪರೂಪ ಆಗಿದೆ. ಈ ಕಡೆ ನಾನು ನೋಡಿ ಎಷ್ಟೋ ವರ್ಷ ಆಯ್ತು."

"ಒಂದಽ ಐತ್ರಿ."

"ಒಂದು ಇರೋದಿಲ್ಲ. ಪೊಟರೆ ಬಿಟ್ಟು ಹೋಗ್ತಿಲ್ಲ ಅಂದರೆ ಎರಡನೆಯದು ಒಳಗಿದೆ. ಹೆಣ್ಣು ಮೊಟ್ಟೆಯ ಮೇಲೆ ಕೂತರೆ ಹೊರಗೆ ಕಾಣೋದೇ ಇಲ್ಲ, ಗಂಡು ತಂದು ಉಣ್ಣಿಸುತ್ತೆ. ಇಷ್ಟು ಹೊತ್ತಿಗೆ ಮರಿ ಇರಬೇಕು. ಹೆಣ್ಣಿಗೂ ಹೆಗಲು ಕೆಂಪೇ. ಕೊರಳ ಪಟ್ಟಿ ಮಾತ್ರ ಗಂಡಿಗೆ. ಹೆಣ್ಣಿನ ಕೊರಳು ಬೋಳು."

ಹೊಳೆಮ್ಮನ ಕೈ ತನ್ನ ಕೊರಳಿಗೆ ಹೋಗಿ ಬಂತು. ತಾಳಿ ತೆಗೆದಿದ್ದರೂ ಅದು ಕೂತಿದ್ದ ಜಾಗ ಇನ್ನೂ ಬಿಳುಪಾಗಿಯೇ ಇತ್ತು.

"ಇನ್ನೊಂದು ಮಾತು," ಎಂದಳು ಶೈಲಜಾ. "ಇದು ಬೆಲೆಬಾಳುವ ಹಕ್ಕಿ ಅಂತ ಊರಲ್ಲಿ ಬಾಯಿ ಬಿಡಬೇಡ. ಬಿಟ್ಟ ಮಾರನೇ ದಿನ ಮರಿಗಳು ಇರೋದಿಲ್ಲ. ಅರಣ್ಯದವರಿಗೆ ನಾನು ಹೇಳ್ತೀನಿ. ಬರೋದು ತಡವಾಗಬಹುದು."

"ಅಮಾಸಿ ನಾಡಿದ್ದೈತ್ರಿ ಮೇಡಂ."

"ಹಾಗಾದರೆ ಅಮಾವಾಸ್ಯೆ ನಿನ್ನದು," ಎಂದು ಶೈಲಜಾ ಪುಸ್ತಕ ಮುಚ್ಚಿದಳು.

ಮರಳುವ ಬಸ್ಸಿನಲ್ಲಿ ಹೊಳೆಮ್ಮ ಕಿಟಕಿಯ ಪಕ್ಕ ಕೂರಲಿಲ್ಲ. ದೆವ್ವ ಎಂದು ಸುಮ್ಮನಿದ್ದರೆ ಪೊಟರೆಗೆ ಸಿಮೆಂಟು ಬೀಳುತ್ತದೆ, ತಾಯಿ ಮರಿಗಳು ಒಳಗೇ ಉಸಿರುಕಟ್ಟಿ ಸಾಯುತ್ತವೆ. ಅಪರೂಪದ ಹಕ್ಕಿ ಎಂದು ಹೇಳಿದರೆ ಮೊದಲು ಮರ ಹತ್ತುವವನು ಅಂಜಿನಿಯೇ. ಹಂಪಿ ಬಜಾರಿನಲ್ಲಿ ಅವನಿಗೆ ಏನು ಕೊಟ್ಟರೂ ಕೊಳ್ಳುವ ಸ್ನೇಹಿತರಿದ್ದಾರೆ. ನಿಜವನ್ನು ಹೇಳುವಂತಿಲ್ಲ, ಸುಳ್ಳನ್ನು ಹಾಗೇ ಬಿಡುವಂತಿಲ್ಲ. ಇದರ ಜೊತೆಗೆ, ಚಿತ್ರ ನೋಡಿದ ಮೇಲೂ ಹೋಗದ ಇನ್ನೊಂದು ಸಣ್ಣ ಅನುಮಾನ ಅವಳಲ್ಲಿತ್ತು. ಪುಸ್ತಕದ ಗಿಳಿಗೂ ಹೆಗಲು ಕೆಂಪು, ಸರಿ. ಆದರೆ ಅದು ಅವತ್ತೇ ಏಕೆ ಬಂತು? ಮೆಣಸಿನಕಾಯಿಯನ್ನೇ ಏಕೆ ಎತ್ತಿಕೊಂಡಿತು?

ಅಮಾವಾಸ್ಯೆಯ ಮಧ್ಯಾಹ್ನ ಗಾಳಿ ಅಲುಗಲಿಲ್ಲ. ಬೂರುಗದ ಹೂಗಳು ಧಪ್ಪನೆ ಒಂದೊಂದೇ ಬೀಳುತ್ತಿದ್ದವು. ಕೊಟ್ರಯ್ಯ ಬೊಡ್ಡೆಗೆ ಅರಿಶಿನ ಬಳಿದು, ನಿಂಬೆಹಣ್ಣು ಕೊಯ್ದು, ಗೇಣುದ್ದದ ಮೊಳೆಯನ್ನು ಕೈಯಲ್ಲಿ ಹಿಡಿದ. ಅಂಜಿನಿ ಸಿಮೆಂಟು ಕಲಸಿಟ್ಟು ಏಣಿ ಒರಗಿಸಿ ನಿಂತಿದ್ದ. ಗಂಡು ಗಿಳಿ ತುದಿಯ ಕೊಂಬೆಯಲ್ಲಿ ಕೂತು ಗದರುತ್ತಿತ್ತು. ಬಂದ ಜನ ಗೋರಿಗಳ ಆಚೆಗೇ ನಿಂತಿದ್ದರು.

ಹೊಳೆಮ್ಮ ಮರದ ಹತ್ತಿರ ಹೋದಳು.

"ಏ ಹೊಳೀ, ಈ ಕಡಿ ಬಾರ! ಹೆಂಡ್ತಿ ಇದನ್ನ ನೋಡಬಾರದು," ಎಂದು ದ್ಯಾಮಕ್ಕ ಕೂಗಿದಳು.

"ನೋಡ್ತೀನಿ ಬಿಡು ಯಕ್ಕಾ. ಬಸ್ಸಿನ್ಯಾಗೂ ನಾನಽ ನೋಡೀನಿ."

ಕೊಟ್ರಯ್ಯ ಮೊಳೆಯನ್ನು ಬೊಡ್ಡೆಗೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದ. ಟೊಳ್ಳು ಮರ ನಗಾರಿಯ ಹಾಗೆ ಮೊಳಗಿತು. ಮೇಲಿದ್ದ ಪೊಟರೆಯಿಂದ ಏನೋ ಸಿಡಿದು ಹೊರಗೆ ಬಂತು.

ಎರಡನೆಯ ಗಿಳಿ. ಅಷ್ಟೇ ದೊಡ್ಡದು, ಅದೇ ಕೆಂಪು ಹೆಗಲು. ಅದು ಜನರ ತಲೆಯ ಮೇಲೆ ತಗ್ಗಾಗಿ ಒಂದು ಸುತ್ತು ಹಾಕಿ, ಬಂದು, ಹೊಳೆಮ್ಮನ ನೆತ್ತಿಯ ಮೇಲಿನ ಕೊಂಬೆಗೇ ಕೂತಿತು. ಗದರಲಿಲ್ಲ. ಕೊರಳು ಉದ್ದ ಮಾಡಿ ಕೆಳಗೆ ನೋಡಿತು. ಆ ಕೊರಳಲ್ಲಿ ಏನೂ ಇರಲಿಲ್ಲ.

ಸುತ್ತಿಗೆ ಎತ್ತಿದ ಕೊಟ್ರಯ್ಯನ ಕೈ ಅಲ್ಲೇ ನಿಂತಿತು.

"ಎರಡು ಅದಾವ," ಎಂದ ಅಂಜಿನಿ. "ಎರಡನೇದು ಯಾರು?"

ದ್ಯಾಮಕ್ಕ ಮೇಲಿನ ಗಿಳಿಯನ್ನು ನೋಡಿದಳು, ಕೆಳಗೆ ನಿಂತ ಹೊಳೆಮ್ಮನನ್ನು ನೋಡಿದಳು. "ಅದರ ಕೊರಳು ಬೋಳು," ಎಂದಳು. "ಹೊಳೀ... ಅದು ನೀನಽ."

ಜನ ಹಿಂದೆ ಸರಿದ ಸದ್ದು ಕೇಳಿಸಿತು. ಈ ಮಾತನ್ನು ಹೊಳೆಮ್ಮ ಯೋಚಿಸಿ ಬಂದಿರಲಿಲ್ಲ. ಹೆಣ್ಣು ಹೊರಗೆ ಬಂದರೆ, ಸತ್ತವನು ಒಬ್ಬ, ಗಿಳಿ ಎರಡು, ಆದ್ದರಿಂದ ಇದು ಬರೀ ಹಕ್ಕಿ ಎಂದು ವಾದ ಮಾಡಬೇಕೆಂದುಕೊಂಡಿದ್ದಳು. ಈಗ ನೋಡಿದರೆ ವಾದಕ್ಕಿಂತ ಗಟ್ಟಿಯಾದದ್ದು ತಾನಾಗಿ ಕೈಗೆ ಬಂದಿತ್ತು. ಅದಕ್ಕೆ ಏನು ತೆರಬೇಕಾಗುತ್ತದೆ ಎಂಬುದೂ ಅವಳಿಗೆ ಅದೇ ಗಳಿಗೆಯಲ್ಲಿ ಗೊತ್ತಾಯಿತು.

"ಹೌದು, ನಾನಽ," ಎಂದಳು.

ಕೊಟ್ರಯ್ಯ ಅವಳ ಕಡೆ ತಿರುಗಿದ. ಹಲವು ಊರುಗಳಲ್ಲಿ ಹಲವು ಮರಗಳಿಗೆ ಮೊಳೆ ಹೊಡೆದವನು, ಸುಲಭಕ್ಕೆ ಹೆದರುವವನಲ್ಲ. "ಅದು ನೀನಾದ್ರ, ಇಲ್ಲಿ ನಿಂತಾಕಿ ಯಾರವ್ವ?"

"ಉಳದಾಕಿ."

ಅವನು ಗಿಳಿಯ ಕೊರಳು ನೋಡಿದ, ಅವಳ ಕೊರಳು ನೋಡಿದ.

"ಹೊಡೀರಿ ಅಯ್ನೋರ," ಎಂದಳು ಹೊಳೆಮ್ಮ. "ಅವನು ಹೋದ ದಿನದಿಂದ ಅರ್ಧ ಅಲ್ಲೇ ಅದೀನಿ. ಮೊಳಿ ಹೊಡದ್ರ ಈ ಮೈಯೂ ಇಲ್ಲೇ ಬೀಳತೈತಿ. ಇಷ್ಟು ಮಂದಿ ನೋಡ್ಲಿಕ್ಕತ್ಯಾರ. ಹೊಡೀರಿ."

ಕೊಟ್ರಯ್ಯ ಸುತ್ತಿಗೆಯನ್ನು ಕೆಳಗಿಳಿಸಿದ. ಮೊಳೆಯನ್ನು ಆಚೀಚೆ ಅಲುಗಿಸಿ ಕಿತ್ತುಕೊಂಡು ಬಟ್ಟೆಯಲ್ಲಿ ಸುತ್ತಿದ. "ಸತ್ತಾವ್ರನ್ನ ಕಟ್ಟೀನಿ. ಉಸಿರಾಡೋರನ್ನ ನಮ್ಮಪ್ಪನೂ ಕಟ್ಟಿಲ್ಲ, ನಾನೂ ಕಟ್ಟಂಗಿಲ್ಲ," ಎಂದ. ಹೋಗುವಾಗ ಜನರ ಕಡೆ ತಿರುಗಿ, "ಈ ಮರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಏಣಿ ತಗೀಲೇ, ಅಂಜಿನಿ!" ಎಂದು ಗದರಿದ. ಅಂಜಿನಿ ಏಣಿಯನ್ನು ಬೀಳಿಸಿ, ಎತ್ತಿಕೊಂಡು, ಹಿಂದಿರುಗಿ ನೋಡದೆ ನಡೆದ. ಕಲಸಿಟ್ಟ ಸಿಮೆಂಟು ಬುಟ್ಟಿಯಲ್ಲೇ ಕಲ್ಲಾಯಿತು.

ಅಮಾವಾಸ್ಯೆ ಕಳೆದು ಕೆಲವು ದಿನಗಳಿಗೆ ಅರಣ್ಯದವರು ಬಂದರು. ದೂರದಿಂದಲೇ ಫೋಟೋ ಹಿಡಿದು, ಮರದ ಮೇಲೆ ಕಣ್ಣಿಡುತ್ತೇವೆ ಎಂದು ಹೇಳಿಹೋದರು. ಕಣ್ಣಿಡುವ ಅಗತ್ಯವೇ ಇರಲಿಲ್ಲ. ಆ ಹಾದಿಯಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಮರಿಗಳು ಹಾರಿದವು. ಮರಿಗಳ ಹೆಗಲಿನ್ನೂ ಸರಿಯಾಗಿ ಕೆಂಪೇರಿರಲಿಲ್ಲ, ಕೊರಳಿನಲ್ಲಿ ಪಟ್ಟಿಯಿರಲಿಲ್ಲ. ಗೊತ್ತಿಲ್ಲದವರು ಊರ ಗಿಳಿಗಳೆಂದೇ ತಿಳಿಯಬೇಕು. ಕೊಕ್ಕಿನ ದಪ್ಪ ನೋಡಿ ಹೊಳೆಮ್ಮ ಗುರುತು ಹಿಡಿದಳು.

ತೆರಬೇಕಾದದ್ದನ್ನು ಅವಳು ತೆತ್ತಳು, ಈಗಲೂ ತೆರುತ್ತಿದ್ದಾಳೆ. ಅವಳು ತೊಳೆದ ಬಸ್ಸಿನಲ್ಲಿ ಹಿಂದಿನ ಕಿಟಕಿಯ ಸೀಟಿಗೆ ಯಾರೂ ಕೂರುವುದಿಲ್ಲ. ನಲ್ಲಿಯ ಹತ್ತಿರ ಅವಳ ಕೊಡ ತುಂಬುವವರೆಗೆ ಹೆಂಗಸರು ದೂರ ನಿಲ್ಲುತ್ತಾರೆ. ಮಧ್ಯಾಹ್ನ ಗಿಳಿ ಕೂಗಿದಾಗ ಎದುರಿಗೆ ಅವಳಿದ್ದರೆ ಮಕ್ಕಳು ಅವಳ ನೆರಳಿದೆಯೇ ಎಂದು ನೆಲ ನೋಡುತ್ತಾರೆ. ಒಮ್ಮೆ ಒಬ್ಬ ಹುಡುಗಿ, "ಅಜ್ಜಿ, ಮ್ಯಾಲಿಂದ ನಮ್ಮನಿ ಕಾಣತೈತೇನು?" ಎಂದು ಕೇಳಿದಳು. "ಕಾಣತೈತಿ, ನೀ ಹಲ್ಲು ತಿಕ್ಕಂಗಿಲ್ಲ ಅನ್ನೋದೂ ಕಾಣತೈತಿ," ಎಂದಳು ಹೊಳೆಮ್ಮ. ಹುಡುಗಿ ಓಡಿದಳು.

ಮುಂದಿನ ವರ್ಷ ಚಳಿ ಬೀಳುತ್ತಲೇ ಜೋಡಿ ಮರಳಿ ಬಂತು. ಸ್ವಲ್ಪ ದಿನ ಎರಡೂ ಕಂಡವು. ಆಮೇಲೆ ಗಂಡೊಂದೇ ಕಾಣತೊಡಗಿತು. ಹೆಣ್ಣು ಒಳಗೆ ಮೊಟ್ಟೆಯ ಮೇಲೆ ಕೂತಿದೆ ಎಂದು ಹೊಳೆಮ್ಮನಿಗೆ ಗೊತ್ತು. ಶೈಲಜಾ ಮೇಡಂ ಹೇಳಿದ್ದು ನೆನಪಿದೆ, ಪುಸ್ತಕದ ಚಿತ್ರ ಕಣ್ಣಿಗೆ ಕಟ್ಟಿದೆ. ಆದರೂ ಅದು ಕಾಣದ ದಿನಗಳಲ್ಲಿ ಅವಳಿಗೆ ಮೈಯಲ್ಲಿ ಕಸುವಿಲ್ಲದಂತಾಯಿತು. ಬಕೆಟ್ಟು ಎತ್ತಲು ಆಗುತ್ತಿರಲಿಲ್ಲ. ಹಗಲಲ್ಲೇ ಕತ್ತಲೆ ಕವಿದಂತೆ, ಸುತ್ತ ಮರದ ಗೋಡೆ ಇದ್ದಂತೆ ಅನ್ನಿಸುತ್ತಿತ್ತು. ಮನೆಯ ಬಾಗಿಲು ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಿಚಿ ಅಲುಗದೆ ಕೂರತೊಡಗಿದಳು. ದ್ಯಾಮಕ್ಕ ದಿನಾ ಒಂದು ತಟ್ಟೆಯಲ್ಲಿ ರೊಟ್ಟಿ, ಪೇರಲಹಣ್ಣು ತಂದು ಹೊಸ್ತಿಲ ಒಳಗೆ ಇಟ್ಟು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಸ್ಮಶಾನದ ಕಡೆಯಿಂದ ಎರಡು ದನಿಗಳು ಕೇಳಿಸಿದವು. ಹೊಳೆಮ್ಮ ಎದ್ದು, ಮುಖ ತೊಳೆದು, ಕೊಡ ಹಿಡಿದು ನಲ್ಲಿಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದಾಯಿತು. ಹೆಂಗಸರು ಸರಿದು ದಾರಿ ಬಿಟ್ಟರು. ದ್ಯಾಮಕ್ಕ ಮಾತ್ರ ಅಲ್ಲೇ ನಿಂತು ಕೇಳಿದಳು.

"ಹೊರಗ ಬಂದ್ಯಾ?"

"ಹ್ಞೂಂ ಯಕ್ಕಾ, ಈಗಽ," ಎಂದು ಹೊಳೆಮ್ಮ ನಲ್ಲಿಯ ಕೆಳಗೆ ಕೊಡ ಇಟ್ಟಳು.